ರಿಮೋಟಿನ ಶೆಲ್ಲು

ಚಿಕ್ಕಬಳ್ಳಾಪುರ
೯-೨-೨೦೨೫

ಚಿ. ಸೌ. ಶ್ರೀವಲ್ಲಿಗೆ,

ನಿನ್ನ ಮಾವನ ಆಶೀರ್ವಾದಗಳು. ಆಶೀರ್ವಾದ ಮಾಡುವ ಮುಖ ನನಗಿಲ್ಲ, ಆದರೂ ಬೇರೆ ಹೇಗೆ ಶುರುಮಾಡಬೇಕೋ ತಿಳಿಯಲಿಲ್ಲ. ಮೂರು ಸಲ ಫೋನು ಎತ್ತಿಕೊಂಡು ಹಾಗೇ ಇಟ್ಟೆ.

ಅಮ್ಮಾ, ಮಂಡಿ ಆಪರೇಷನ್ ಆದ ನಿನ್ನ ಅತ್ತೆಯ ಮಂಚಕ್ಕೆ ಅವಳು ನಮ್ಮನ್ನು ಕರೆಯಲೆಂದು ನೀನು ಕಟ್ಟಿದ್ದ ಬೆಲ್ಲಿನ ವಿಷಯ. ಸೋಪಿನ ಡಬ್ಬಿಯಲ್ಲಿ ಒಂದೇ ಶೆಲ್ಲು, ಉಗುರಿನಷ್ಟು ಒಂದು ಸರ್ಕ್ಯೂಟ್ ಬೋರ್ಡು. ಈ ಬೋರ್ಡು ಒಂದೂವರೆ ವೋಲ್ಟನ್ನು ಐದಕ್ಕೆ ಏರಿಸುತ್ತದೆ ಮಾವ, ಗಡಿಯಾರ ಓಡಿಸಲಾರದ ಶೆಲ್ಲಿನಲ್ಲೂ ದೀಪ ಹತ್ತಿಸುತ್ತದೆ ಎಂದು ನೀನು ತೋರಿಸಿದ್ದೆ. ಆದರೆ ಇಲ್ಲದ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಬೆಲ್ಲಿಗೆ ಹೊಸ ಶೆಲ್ಲೇ ಇರಲಿ ಎಂದೂ ಹೇಳಿದ್ದೆ. ಮೊದಲನೆಯದು ನೆನಪಿಟ್ಟುಕೊಂಡೆ, ಎರಡನೆಯದು ತಲೆಗೆ ಹೋಗಲಿಲ್ಲ.

ಆ ಭಾನುವಾರ ಟಿವಿಯಲ್ಲಿ ಮ್ಯಾಚು, ನೀವಿಬ್ಬರೂ ಮನೆಯಲ್ಲಿರಲಿಲ್ಲ. ರಿಮೋಟು ಕೈಕೊಟ್ಟಿತು. ನಮ್ಮ ಮನೆಯ ಪದ್ಧತಿ ಗೊತ್ತಲ್ಲ, ಶೆಲ್ಲನ್ನು ತಿರುಗಿಸಿದೆ, ಹಲ್ಲಲ್ಲಿ ಕಚ್ಚಿದೆ, ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅಂಗಡಿಗೆ ಹೋಗಲು ಸೋಮಾರಿತನ. ಬೆಲ್ಲಿನ ಹೊಸ ಶೆಲ್ಲನ್ನು ರಿಮೋಟಿಗೆ ಹಾಕಿ, ಸತ್ತದ್ದನ್ನು ಬೆಲ್ಲಿಗಿಟ್ಟೆ. ಸೊಸೆ ಮಾಡಿದ್ದು, ಇದರಲ್ಲೂ ಓಡುತ್ತದೆ ಎಂದುಕೊಂಡೆ. ಒತ್ತಿಯೂ ನೋಡಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು!

ನಿನ್ನ ಅತ್ತೆ ಎಷ್ಟೋ ಸಲ ಒತ್ತಿದಳಂತೆ. ನಾನು ಸದ್ದು ಜೋರಾಗಿಟ್ಟು ಟಿವಿ ಮುಂದೆ, ಅವಳು ಕೂಗಿದ್ದೂ ಕೇಳಲಿಲ್ಲ. ಕಡೆಗೆ ತಾನೇ ಎದ್ದು ಬಚ್ಚಲಿಗೆ ಹೋಗಿ ಜಾರಿದಳು, ಸೊಂಟದ ಮೂಳೆ ಮುರಿಯಿತು. ನಿನ್ನ ಗಂಡ ಕೇಶವ ಬಂದು ಡಬ್ಬಿ ಬಿಚ್ಚಿ ಸತ್ತ ಶೆಲ್ಲು ನೋಡಿ, ನಿನ್ನ ಬಡಾಯಿಗೆ ಅಮ್ಮನ ಮೇಲೇ ಪ್ರಯೋಗ ಮಾಡಿದೆಯಾ ಎಂದು ನಿನ್ನ ಮೇಲೆ ಕೂಗಾಡಿದ. ಹೊಸದೇ ಹಾಕಿದ್ದೆ ಎಂದು ನೀನು ಅಳುತ್ತ ನನ್ನ ಕಡೆ ನೋಡಿದೆ. ನಾನು ಪೇಪರು ಮಡಿಸುತ್ತ ನಿಂತೆ. ಮರುದಿನ ನೀನು ಚಿಂತಾಮಣಿಗೆ, ತವರಿಗೆ ಬಸ್ಸು ಹತ್ತಿದೆ.

ಐದು ತಿಂಗಳಾಯಿತು. ಶಾಲೆಯ ಮಕ್ಕಳಿಗೆ ಇಂಥವನ್ನೆಲ್ಲ ಹೇಳಿಕೊಡುವುದನ್ನೂ ಬಿಟ್ಟೆಯಂತೆ. ನಿನ್ನ ತಂಗಿ ಕಲ್ಯಾಣಿ ಹೇಳಿದ ಮೇಲೆ ಈ ಕಾಗದ ಬರೆಯಲು ಕೂತೆ. ಮೂವತ್ತೆರಡು ವರ್ಷ ತಾಲ್ಲೂಕು ಕಚೇರಿಯಲ್ಲಿ ಬೇರೆಯವರ ತಪ್ಪಿಗೆ ಷರಾ ಬರೆದವನು ನಾನು. ನನ್ನದೊಂದು ಬರೆಯಲು ಇಷ್ಟು ದಿನ ಬೇಕಾಯಿತು. ತಪ್ಪು ನನ್ನದು ಕಣಮ್ಮ. ನಿನ್ನದಲ್ಲ, ನಿನ್ನ ಬೆಲ್ಲಿನದೂ ಅಲ್ಲ. ಕ್ಷಮಿಸು ಎನ್ನಲು ಬಾಯಿ ಬರುವುದಿಲ್ಲ. ಕೇಶವನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಿನಗೆ ಅನ್ಯಾಯ ಮಾಡಿದ ನಿನ್ನ ಮಾವ,
ಪುಟ್ಟಸ್ವಾಮಯ್ಯ

ವಿ.ಸೂ.: ಕವರು ಅಂಟಿಸುವ ಮೊದಲು ಇದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ನಾನು ಶೆಲ್ಲು ಬದಲಾಯಿಸಿದ್ದನ್ನು ಅವತ್ತೇ ಮಂಚದಿಂದ ನೋಡಿದ್ದಳಂತೆ. ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ ಕಣ್ರೀ ಎಂದು ಮುಖ ತಿರುಗಿಸಿದಳು. ಕವರು ಅಂಟಿಸಿಲ್ಲ. ಕೇಶವನ ಕೈಗೇ ಕೊಡುತ್ತಿದ್ದೇನೆ, ಓದಿಕೊಂಡು ನಿನಗೆ ತಲುಪಿಸು ಎಂದು.