ಕೇಬಲ್ ತೆಗೆಸಿದ ಮೇಲೆ ಕಂಡದ್ದು

ಕರಾಡ

ಎದುರುಮನೆಯ ಹೌಸಾಬಾಯಿಗೆ,

ಇಂದು ವಟಪೂರ್ಣಿಮೆಯ ಉಪವಾಸ. ಅಂಗಳ ಸಾರಿಸಿ, ತುಳಸಿಗೆ ನೀರೆರೆದು ಬರೆಯುತ್ತಿದ್ದೇನೆ.

ಯಜಮಾನರು ಹೋದ ತಿಂಗಳು ನಮ್ಮ ಕೇಬಲ್ ತೆಗೆಸಿದರು. “ಆ ಹಾಳು ಧಾರಾವಾಹಿ ಸಾಕು ಮಾಡೇ, ವಿಠೋಬನ್ನ ನೋಡು,” ಎಂದರು. ಸಂಜೆ ಅವರು ಭಜನೆಗೆ ಹೊರಟ ಮೇಲೆ ನನಗೆ ನೋಡಲು ಕಿಟಕಿಯೊಂದೇ ಉಳಿಯಿತು. ಅಲ್ಲಿ ದಿನಾ ಕಾಣುವುದು ನಿಮ್ಮ ಹೊಸ್ತಿಲಲ್ಲಿ ಅವರ ಚಪ್ಪಲಿ. ಒಳಗೆ ಅದೇ ಧಾರಾವಾಹಿ, ಅವರದೇ ನಗು. ಭಜನೆ ಹೇಗಿತ್ತೆಂದು ಕೇಳಿದರೆ, “ಮೈಮರೆತುಬಿಟ್ಟೆ ಕಣೇ,” ಎನ್ನುತ್ತಾರೆ.

ಏಳು ಜನ್ಮಕ್ಕೂ ಇದೇ ಗಂಡ ಸಿಗಲೆಂದು ಇಂದು ಆಲದ ಮರಕ್ಕೆ ನೂಲು ಸುತ್ತಬೇಕು. ನನ್ನ ನೂಲಿನುಂಡೆ ಕಳಿಸಿದ್ದೇನೆ, ಮುಂದಿನ ಜನ್ಮಗಳಿಗೆ ನೀವೇ ಸುತ್ತಿಕೊಳ್ಳಿ. ಈ ಜನ್ಮಕ್ಕೂ ಬೇಕಿದ್ದರೆ ಹೇಳಿ, ಅವರ ಬಟ್ಟೆ ಗಂಟು ಕಟ್ಟಿಡುತ್ತೇನೆ. ಉತ್ತರ ಒಯ್ಯಲು ಅವರ ತಂಗಿಯೇ ಬರುತ್ತಾಳೆ, ಅವಳ ಕೈಗೇ ಕೊಡಿ.

ಯಮುನಾ ಧುಮಾಳ