ತಾಟಿನಲ್ಲಿ ಕೊನೆಯ ಕೈ

ಬೆಟಗೇರಿ,
9 ಆಗಸ್ಟ್ 2023, ಬುಧವಾರ

ಪ್ರೀತಿಯ ಆಪಾ,

ಸಲಾಂ. ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಬೆಂಕಿಯ ಸುತ್ತ ಕುಳಿತು ಒಂದೇ ತಾಟಿನಲ್ಲಿ ಉಣ್ಣುವ ಐವರ ಬಲ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚತಕ್ಕದ್ದು! ಈ ರಾಜಾಜ್ಞೆ ಹೊರಡಿಸಿದವನು ನಿನ್ನ ತಮ್ಮ. ಜಾರಿಯಾಗುವುದು ಮೊಬೈಲಿನ ಆಟದೊಳಗೆ ಮಾತ್ರ. ಅದಿರಲಿ, ನಿನ್ನ ಮೊಣಕಾಲು ನೋವು ಹೇಗಿದೆ? ಹಮ್ಮಿಗಿಯಲ್ಲಿ ಹೊಳೆ ತುಂಬಿದೆಯೇ? ಬಕ್ರೀದ್ ದಿನ ಅಜ್ಜಿಯ ದೊಡ್ಡ ತಾಟನ್ನೂ ಕಂಕುಳಲ್ಲಿ ಹಿಡಿದು ಮುಂಡರಗಿ ಬಸ್ಸು ಹತ್ತಿದವಳು, ಆರು ವಾರವಾದರೂ ಫೋನೆತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ ನೋಡು.

ನಾವು ಕಟ್ಟುತ್ತಿರುವ ಆಟ ಇಷ್ಟೇ: ಊರೂರಿನವರು ಫೋನಿನಲ್ಲೇ ಒಂದು ಕಾಡಿಗಿಳಿದು, ಹಸಿವು, ಚಳಿ, ತೋಳಗಳಿಂದ ಪಾರಾಗಬೇಕು. ಒಬ್ಬನೇ ಉಂಡರೆ ಹೊಟ್ಟೆ ತುಂಬುತ್ತದೆ, ಕೂಡಿ ಉಂಡರೆ ಮೇಲಿಷ್ಟು ಬಲ. ಈ ಕೂಡಿ ಉಣ್ಣುವುದರ ನಿಯಮ ಮಾಡುವುದು ನನ್ನ ಪಾಲಿಗೆ ಬಂದು ತಲೆ ಮೊಸರುಗಡಿಗೆಯಾಗಿದೆ. ಪರೀಕ್ಷೆಗೆ ಕೂಡಿಸಿದ ಐವರಲ್ಲಿ ನಾಲ್ವರು ಒಂದೊಂದು ತುತ್ತು ಬಾಯಿಗಿಟ್ಟು, ಬಲ ಬಂದ ಕ್ಷಣವೇ ಪರಾರಿ! ನಿಧಾನಕ್ಕೆ ಅಗಿಯುತ್ತ ಕುಳಿತ ಐದನೆಯವನನ್ನು ತೋಳ ಬಂದು ಊಟ ಮಾಡಿತು. ಓಡಿದವರಲ್ಲಿ ಮುಂದಾಳು, ನಮ್ಮ ಲಕ್ಷ್ಮೇಶ್ವರದ ಶಫೀಕ. ಬೈದರೆ, "ಬಲಾ ಬಂತಲ್ಲೋ ಮಾರಾಯಾ, ಇನ್ನ ಕುಂತು ತಾಟು ನೆಕ್ಕೂದೇನು?" ಎಂದ. ಎರಡು ನಿಮಿಷ ಕುಳಿತರೇ ಬಲ ಎಂದು ಬದಲಿಸಿದೆ. ಫೋನನ್ನು ಕಟ್ಟೆಯ ಮೇಲಿಟ್ಟು ಚಹಾಕ್ಕೆ ಹೋದರು. ಬಲವನ್ನು ಮೂವತ್ತಕ್ಕೆ ಏರಿಸಿದೆ. ಇನ್ನೂ ಜೋರಾಗಿ ಓಡಿದರು. ನಮ್ಮ ಮುಖ್ಯಸ್ಥ ಸುನೀಲನ ತೀರ್ಪು: "ಲೇ ಅಯ್ಯೂಬ, ಸೋಮವಾರದೊಳಗ ಸರಿ ಆಗಲಿಲ್ಲಂದ್ರ ಊಟಾನ ತಗದು ಒಗಿ. ಇನ್ನ ನಾಕು ತೋಳ ಬಿಡೂಣು."

ಮನೆಗೆ ಬಂದು, "ಕೂಡಿ ಉಣ್ಣೂ ರೀತೀನ ಗೊತ್ತಿಲ್ಲ ಈ ಮಂದಿಗೆ!" ಎಂದು ಹಾರಾಡಿದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಅಸ್ಮಾ ತಿರುಗಿ ಕೂಡ ನೋಡಲಿಲ್ಲ. "ಬಕ್ರೀದ್ ದಿನ ನೀವೇನ್ ಮಾಡಿದ್ರಿ? ಫೋನ್ ಬಂತಂತ ತಾಟಿನ ಮುಂದಿಂದ ಎದ್ದು ಓಡಿದ್ರಿ. ಆಪಾ ಒಬ್ಬರ ಕುಂತು ಉಂಡ್ರು." ಅಂದಿನಿಂದ ರೊಟ್ಟಿಯ ಸಪ್ಪಳವೂ ಬೈದಂತೆ ಕೇಳುತ್ತಿದೆ. ಅಜ್ಜಿ ಮಾಸುಮಬಿ ಹೊಟ್ಟೆ ತುಂಬಿದ ಮೇಲೂ ಒಂದೊಂದೇ ಅಗುಳು ಹೆಕ್ಕುತ್ತ ತಾಟಿನಲ್ಲೇ ಕೈ ಇಟ್ಟಿರುತ್ತಿದ್ದಳು. ನಿಧಾನಕ್ಕೆ ಉಣ್ಣುವ ನಿನಗೆ ಸಂಕೋಚವಾಗಬಾರದೆಂದು. ಅವಳು ಹೋದ ಮೇಲೆ ಆ ಕೆಲಸ ನನ್ನದಾಗಿತ್ತು. ಶಫೀಕನಿಗಿಂತ ಮೊದಲು ಓಡಿದವನು ನಾನೇ.

ಬಲವನ್ನು ಮತ್ತೆ ಇಪ್ಪತ್ತಕ್ಕೇ ಇಳಿಸಿ, ನಿಯಮ ಬದಲಿಸಿದ್ದೇನೆ: ಎಲ್ಲರಿಗಿಂತ ನಿಧಾನದವರು ಉಂಡು ಮುಗಿಸುವ ಮೊದಲು ಒಬ್ಬನ ಕೈ ಎದ್ದರೂ ಯಾರಿಗೂ ಬಲವಿಲ್ಲ. ಶಫೀಕ ಈಗ ತೋಳದ ಕಣ್ಣೆದುರೇ ಕುಳಿತು, "ಜಲ್ದಿ ನುಂಗಲೇ, ಕೈ ಮುಗೀತೀನಿ!" ಎಂದು ಅಳುತ್ತಾನೆ.

ಭಾವನವರಿಗೆ ಸಲಾಂ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಪ್ಪಿತಸ್ಥ ತಮ್ಮ,
ಅಯ್ಯೂಬ

ತಾ.ಕ.: ರವಿವಾರ ಮಧ್ಯಾಹ್ನ ಊಟಕ್ಕೆ ಬಾ. ಅಸ್ಮಾ ನನ್ನ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಡುತ್ತಾಳಂತೆ. ಸಂಜೆಯಾದರೂ ಸರಿ, ನೀನು ಕೈ ತೊಳೆಯುವವರೆಗೆ ನಾನು ಏಳುವುದಿಲ್ಲ. ಬರುವಾಗ ಆ ದೊಡ್ಡ ತಾಟು ಮಾತ್ರ ಮರೆಯದೆ ತಾ. ಇಲ್ಲಿರುವವೆಲ್ಲ ಒಬ್ಬೊಬ್ಬರೇ ಉಣ್ಣುವ ತಾಟುಗಳು.