ಕಾಟಮ್ಮನ ಮನೆಯ ಹಿಂಗೋಡೆ

ನಿಟ್ಟುವಳ್ಳಿ, ೧೪ ಏಪ್ರಿಲ್ ೧೯೫೯, ಮಂಗಳವಾರ

ಕಾಟಮ್ಮನ ಮನೆಯ ಹಿಂಗೋಡೆಯದೇ ಚಿಂತೆ. ಬಿಸಿಲಿಗೆ ಎರೆಮಣ್ಣು ಬಾಯಿಬಿಟ್ಟು ಪಾಯ ಕುಸಿದಿದೆ. ಗೋಡೆಯ ಬಿರುಕಿನಲ್ಲಿ ಗಾರೆಕೆಲಸದವನಾದ ನನ್ನ ಅಂಗೈ ತೂರುತ್ತದೆ. ಅದರ ಪಕ್ಕದಲ್ಲೇ ಅವಳ ತುಂಬುಬಸುರಿ ಮಗಳು ಮಲಗುತ್ತಾಳೆ.

“ಬಾಣಂತನ ಮುಗೀಲಿ ಹಯಾತ್ ಸಾಬ್, ಆಮೇಲೆ ನೋಡಾನ” ಎಂದಳು ಕಾಟಮ್ಮ.

“ಮಳೆ ಬಿದ್ರೆ ಮಣ್ಣು ಉಬ್ಬತೈತೆ, ಗೋಡೆ ನಿಲ್ಲಂಗಿಲ್ಲ. ನಾಳೆನೇ ಪಾಯ ಬಿಚ್ಚತೀನಿ. ಕೆಲಸ ಮುಗಿಯೋತನಕ ಮಗಳು ನಮ್ಮನ್ಯಾಗ ಇರ್ಲಿ.”

ಹೆರಿಗೆಯ ಹುಡುಗಿ ಸಾಬರ ಮನೆಯಲ್ಲಿ. ಜನ ಏನೆಂದಾರು ಎಂದು ಕಾಟಮ್ಮ ತಲೆ ತಗ್ಗಿಸಿದಳು. ಅಷ್ಟರಲ್ಲಿ ಮಗಳೇ ಹಾಸಿಗೆ ಸುತ್ತಿಕೊಂಡು ಹೊರಬಂದಳು.

“ನಡೀರಿ ಕಾಕಾ, ಹೋಗಾನ.”

ಈಗ ಹುಡುಗಿ ನನ್ನ ಹೆಂಡತಿ ಅಮೀನಾಳ ಪಕ್ಕ ಮಲಗಿದ್ದಾಳೆ, ನಾನು ಜಗಲಿಯಲ್ಲಿ. ಬೆಳಗ್ಗೆ ಗಟ್ಟಿನೆಲ ಸಿಗುವತನಕ ಅಗೆಯುತ್ತೇನೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಹುಟ್ಟುವ ಮಗುವಿನ ತೊಟ್ಟಿಲು ಮಾತ್ರ ಕಾಟಮ್ಮನ ಮನೆಯ ತೊಲೆಗೇ ತೂಗಬೇಕು.